ಹೈಟಿಯ ಬಡ ಮಕ್ಕಳ ನಡುವೆ ಮಿಷನ್ ಶಾಲೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕೆರಿಬಿಯನ್ ದ್ವೀಪಗಳ ಬಡ ಮಕ್ಕಳಿಗೆ ಓದು ಕಲಿಸಿ, ಕ್ರಿಸ್ತನ ದಾರಿಯಲ್ಲಿ ಬೆಳೆಸುವ ಸೇವೆಯ ಬಗ್ಗೆ ನಮ್ಮ ಸಭೆಗಳಲ್ಲಿ ಒಳ್ಳೆಯ ಆಸಕ್ತಿ ಇದೆ. ಯುವಜನರ ಕೂಟದಲ್ಲಿ, ಆರಾಧನೆ ಮುಗಿದು ಚಹಾ ಕುಡಿಯುವಾಗ, ವಾಟ್ಸಾಪ್ ಗುಂಪಿನಲ್ಲಿ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಅವನ್ನೆಲ್ಲ ಒಂದು ಕಡೆ ಸೇರಿಸಿ ಉತ್ತರ ಬರೆದಿದ್ದೇನೆ. ಹೆಚ್ಚು ಮಾತು ಹೈಟಿಯದ್ದು. ಕಷ್ಟ ಅಲ್ಲೇ ಜಾಸ್ತಿ, ಮಿಷನ್‌ಗಳೂ ಅಲ್ಲೇ ಜಾಸ್ತಿ. ಬೇಕಾದ ಕಡೆ ಜಮೈಕಾ, ಟ್ರಿನಿಡಾಡ್ ಕೂಡ ಬರುತ್ತವೆ.

ಹೈಟಿ ಯಾಕೆ ಇಷ್ಟು ಬಡ ದೇಶ? ಅದರ ಮೇಲೆ ಶಾಪ ಇದೆ ಅಂತಾರಲ್ಲ?

ಶಾಪದ ಮಾತನ್ನು ದಯವಿಟ್ಟು ಬಿಟ್ಟುಬಿಡಿ. 2010ರ ಜನವರಿ 12ರಂದು ಅಲ್ಲಿ ದೊಡ್ಡ ಭೂಕಂಪ ಆಯಿತು. ಮಾರನೇ ದಿನವೇ ಅಮೆರಿಕದ ಒಬ್ಬ ಟಿವಿ ಬೋಧಕರು, ಹೈಟಿಯವರು ಹಿಂದೆ ಸೈತಾನನ ಜೊತೆ ಒಪ್ಪಂದ ಮಾಡಿಕೊಂಡಿದ್ದರು ಎಂದು ಹೇಳಿದರು. ಆ ಮಾತು ಇವತ್ತಿಗೂ ನಮ್ಮ ಮೊಬೈಲ್‌ಗಳಲ್ಲಿ ತಿರುಗುತ್ತಿದೆ. ಹೆಣಗಳನ್ನು ಇನ್ನೂ ಹೊರತೆಗೆಯುತ್ತಿದ್ದ ಜನರ ಬಗ್ಗೆ ಆಡುವ ಮಾತು ಅದಲ್ಲ.

ನಡೆದದ್ದು ಇದು. ಆಗ ಫ್ರಾನ್ಸ್ ಆಳುತ್ತಿದ್ದ ಆ ನೆಲದ ಗುಲಾಮರು 1791ರಲ್ಲಿ ದಂಗೆ ಎದ್ದರು. 1804ರ ಜನವರಿ 1ರಂದು ಸ್ವತಂತ್ರರಾದರು. ಗುಲಾಮರೇ ಹೋರಾಡಿ ಕಟ್ಟಿಕೊಂಡ ದೇಶ ಅದು. 1825ರಲ್ಲಿ ಫ್ರಾನ್ಸ್ ಯುದ್ಧ ಹಡಗು ಕಳಿಸಿ, ನಿಮ್ಮನ್ನು ಒಪ್ಪಿಕೊಳ್ಳಬೇಕಾದರೆ 15 ಕೋಟಿ ಫ್ರಾಂಕ್ ಕೊಡಿ ಎಂದಿತು. ತೋಟ ಮತ್ತು ಗುಲಾಮರನ್ನು ಕಳೆದುಕೊಂಡ ಹಳೆಯ ಒಡೆಯರಿಗೆ ಅದು ಪರಿಹಾರವಂತೆ! 1838ರಲ್ಲಿ ಒಟ್ಟು ಮೊತ್ತವನ್ನು 9 ಕೋಟಿಗೆ ಇಳಿಸಿದರು. ಅದನ್ನು ಕಟ್ಟಲು ಮಾಡಿದ ಸಾಲದ ಸರಪಳಿ 1947ರವರೆಗೂ ತೀರಲಿಲ್ಲ. ನಡುವೆ 1915ರಿಂದ 1934ರವರೆಗೆ ಅಮೆರಿಕದ ಸೇನೆ ಕೂತಿತ್ತು. 1957ರಿಂದ 1986ರವರೆಗೆ ಡುವಾಲಿಯೇ ಅಪ್ಪ-ಮಗನ ಸರ್ವಾಧಿಕಾರ. ಶಾಲೆ ಕಟ್ಟಬೇಕಾಗಿದ್ದ ದುಡ್ಡು ಎಲ್ಲಿ ಹೋಯಿತು ಅನ್ನುವುದಕ್ಕೆ ಉತ್ತರ ಇದರಲ್ಲೇ ಇದೆ.

ಅಲ್ಲಿ ಸರ್ಕಾರಿ ಶಾಲೆ ಇಲ್ವಾ? ಚರ್ಚ್‌ಗಳೇ ಯಾಕೆ ಶಾಲೆ ನಡೆಸುತ್ತವೆ?

ಇವೆ, ಆದರೆ ಕಡಿಮೆ. ಹೈಟಿಯ ನೂರಕ್ಕೆ ಸುಮಾರು 80 ಶಾಲೆಗಳು ಸರ್ಕಾರದ್ದಲ್ಲ. ಕೆಲವು ಖಾಸಗಿ ಮಾಲೀಕರವು. ಬಹಳಷ್ಟು ಕ್ಯಾಥೊಲಿಕ್ ಧರ್ಮಪ್ರಾಂತ್ಯಗಳವು, ಇಲ್ಲವೇ ಬ್ಯಾಪ್ಟಿಸ್ಟ್, ಮೆಥಡಿಸ್ಟ್, ಎಪಿಸ್ಕೋಪಲ್, ಪೆಂಟೆಕೋಸ್ಟಲ್ ಸಭೆಗಳವು.

ಇದರ ಬೇರು ಹಳೆಯದು. ಮೆಥಡಿಸ್ಟ್ ಮಿಷನರಿಗಳು 1817ರಲ್ಲೇ ಬಂದಿದ್ದರು. 1860ರಲ್ಲಿ ಹೈಟಿ ಸರ್ಕಾರ ವ್ಯಾಟಿಕನ್ ಜೊತೆ ಒಪ್ಪಂದ ಮಾಡಿಕೊಂಡಿತು. 1864ರಲ್ಲಿ ಕ್ರೈಸ್ತ ಶಿಕ್ಷಣದ ಬ್ರದರ್‌ಗಳು ಮತ್ತು ಕ್ಲೂನಿಯ ಸೇಂಟ್ ಜೋಸೆಫ್ ಸಿಸ್ಟರ್‌ಗಳು ಬಂದು ಶಾಲೆ ತೆರೆದರು. ಆದರೆ ಆ ಒಳ್ಳೆಯ ಶಾಲೆಗಳು ಹೆಚ್ಚಾಗಿ ಪಟ್ಟಣದಲ್ಲಿದ್ದವು, ಅನುಕೂಲಸ್ಥರ ಮಕ್ಕಳಿಗೆ ಸಿಕ್ಕವು. ಗುಡ್ಡಗಾಡಿನ ರೈತರ ಮಕ್ಕಳಿಗೆ ಅಕ್ಷರ ತಲುಪಿದ್ದು ಬಹಳ ತಡವಾಗಿ. ಪುಟ್ಟ ಸಭೆಗಳ ಪಾಸ್ಟರ್‌ಗಳು ಭಾನುವಾರ ಆರಾಧನೆ ಮಾಡುವ ಬೆಂಚುಗಳಲ್ಲೇ ಸೋಮವಾರ ಮಕ್ಕಳನ್ನು ಕೂರಿಸಿದರು. ಇವತ್ತಿಗೂ ಎಷ್ಟೋ ಹಳ್ಳಿಗಳಲ್ಲಿ ಶಾಲೆ ಅಂದರೆ ಅದೇ ಕಟ್ಟಡ.

2011ರಲ್ಲಿ ಸರ್ಕಾರ ಉಚಿತ ಶಿಕ್ಷಣ ಯೋಜನೆ ಶುರು ಮಾಡಿತು. ವಿದೇಶದಿಂದ ಮನೆಗೆ ಕಳಿಸುವ ಪ್ರತಿ ಹಣ ರವಾನೆಯ ಮೇಲೆ ಒಂದೂವರೆ ಡಾಲರ್, ಅಂತರರಾಷ್ಟ್ರೀಯ ಫೋನ್ ಕರೆಯ ಮೇಲೆ ನಿಮಿಷಕ್ಕೆ ಐದು ಸೆಂಟ್ ತೆರಿಗೆ ಹಾಕಿತು. ಆ ದುಡ್ಡಿನ ಲೆಕ್ಕದ ಬಗ್ಗೆ ಅಲ್ಲಿನ ಜನ ಇನ್ನೂ ಕೇಳುತ್ತಲೇ ಇದ್ದಾರೆ.

ಒಂದು ಮಗುವನ್ನು ಶಾಲೆಗೆ ಕಳಿಸೋದು ಅಲ್ಲಿ ಎಷ್ಟು ಕಷ್ಟ?

ತಾಯಿಯ ಕೈಗಳನ್ನು ನೋಡಿದರೆ ಗೊತ್ತಾಗುತ್ತದೆ. ಹೈಟಿಯ ಶಾಲಾ ಹುಡುಗಿಯರ ಜಡೆಗಳಲ್ಲಿ ರಿಬ್ಬನ್ ಇರುತ್ತದೆ, ಅದೂ ಯೂನಿಫಾರ್ಮ್‌ನ ಬಣ್ಣಕ್ಕೆ ಹೊಂದುವಂಥದ್ದು. ಚೌಕುಳಿ ಅಂಗಿಗೆ ಇಸ್ತ್ರಿ ಆಗಿರಬೇಕು, ಸಾಕ್ಸ್ ಬೆಳ್ಳಗಿರಬೇಕು. ನಲ್ಲಿ ಇಲ್ಲದ, ಕರೆಂಟ್ ಇಲ್ಲದ ತಗಡಿನ ಮನೆಯಿಂದ ಮಗು ಹಾಗೆ ಹೊರಬರುತ್ತದೆ. ಇದ್ದಲಿನ ಇಸ್ತ್ರಿ ಪೆಟ್ಟಿಗೆ, ಹೊತ್ತು ತಂದ ನೀರು, ಬಿಟ್ಟುಕೊಟ್ಟ ಬೆಳಗಿನ ಜಾವದ ನಿದ್ದೆ, ಎಲ್ಲವೂ ಆ ರಿಬ್ಬನ್ ಹಿಂದೆ ಇವೆ. "ಬಡವರಿಗೆ ಓದಿನ ಬೆಲೆ ಗೊತ್ತಿಲ್ಲ" ಅನ್ನುವವರು ಇದನ್ನು ಒಮ್ಮೆ ನೋಡಬೇಕು.

ಶುಲ್ಕ, ಯೂನಿಫಾರ್ಮ್, ಬೂಟು, ಪುಸ್ತಕ, ಪರೀಕ್ಷೆಯ ಫೀಸು ಎಲ್ಲ ಒಟ್ಟಿಗೆ ಬರುವುದು ಶಾಲೆ ಶುರುವಾಗುವ ಸೆಪ್ಟೆಂಬರ್ ಹೊತ್ತಿಗೆ. ದುಡ್ಡು ಹೊಂದಿಸುವವರು ಹೆಚ್ಚಾಗಿ ಹೆಂಗಸರು. ಹಳ್ಳಿಯಲ್ಲಿ ತರಕಾರಿ, ಕಾಳು ಕೊಂಡು ಪಟ್ಟಣದ ಸಂತೆಗೆ ಸಾಗಿಸಿ ಮಾರುವ ಇವರನ್ನು ಮದಾನ್ ಸಾರಾ ಅಂತಾರೆ. ಇವರೆಲ್ಲ ಸೇರಿ ಸೋಲ್ ಹಾಕುತ್ತಾರೆ, ಅಂದರೆ ಚೀಟಿ. ಚೀಟಿ ಎತ್ತಿದ ದುಡ್ಡು ಎಷ್ಟೋ ಸಲ ನೇರವಾಗಿ ಶಾಲೆಯ ಕಚೇರಿಗೆ ಹೋಗುತ್ತದೆ. ಮೂರು ಮಕ್ಕಳಿದ್ದರೆ ಒಬ್ಬರು ಈ ವರ್ಷ, ಇನ್ನೊಬ್ಬರು ಮುಂದಿನ ವರ್ಷ. ಹಾಗಾಗಿ ಹದಿನಾಲ್ಕು ವರ್ಷದ ಹುಡುಗ ಮೂರನೇ ತರಗತಿಯಲ್ಲಿ ಕೂತಿರುವುದು ಅಲ್ಲಿ ವಿಶೇಷ ಅಲ್ಲ. ಅವನು ದಡ್ಡನಲ್ಲ. ಅವನ ಸರದಿ ತಡವಾಗಿ ಬಂದಿದೆ, ಅಷ್ಟೇ.

ಮಿಷನ್ ಶಾಲೆಯಲ್ಲಿ ಏನೇನು ನಡೆಯುತ್ತದೆ?

ಬೆಳಗ್ಗೆ ಧ್ವಜ ಏರಿಸಿ ರಾಷ್ಟ್ರಗೀತೆ, ಪ್ರಾರ್ಥನೆ, ಒಂದು ಹಾಡು. ಆಮೇಲೆ ಪಾಠ. ಮಧ್ಯಾಹ್ನ ಊಟ ಇದ್ದರೆ ಅನ್ನ ಮತ್ತು ಹುರುಳಿ ಜಾತಿಯ ಕಾಳು ಸೇರಿಸಿ ಬೇಯಿಸಿದ್ದು. ಹಲವು ಮಕ್ಕಳಿಗೆ ಆ ದಿನದ ಗಟ್ಟಿ ಊಟ ಅದೊಂದೇ. ಊಟ ಇರುವ ದಿನ ಹಾಜರಿ ಹೆಚ್ಚು. ಹಸಿದ ಹೊಟ್ಟೆಯಲ್ಲಿ ಗುಣಾಕಾರ ತಲೆಗೆ ಹೋಗುವುದಿಲ್ಲ ಅನ್ನೋದು ಯಾರಿಗೆ ಗೊತ್ತಿಲ್ಲ ಹೇಳಿ.

ಪಾಠ ಯಾವ ಭಾಷೆಯಲ್ಲಿ?

ಈ ಪ್ರಶ್ನೆಯನ್ನು ನಮ್ಮಲ್ಲಿ ಕೇಳುವವರು ಕಡಿಮೆ. ಆದರೆ ನನ್ನ ಮಟ್ಟಿಗೆ ಇದೇ ದೊಡ್ಡ ಪ್ರಶ್ನೆ. ಹೈಟಿಯ ಹೆಚ್ಚುಕಡಿಮೆ ಎಲ್ಲರೂ ಮನೆಯಲ್ಲಿ ಆಡುವುದು ಕ್ರೆಯೋಲ್ ಎಂಬ ಅಲ್ಲಿನದೇ ಭಾಷೆ. ಶಾಲೆಯ ಪುಸ್ತಕ ಇದ್ದದ್ದು ಫ್ರೆಂಚ್‌ನಲ್ಲಿ. ಮಗು ಅರ್ಥ ಆಗದ ಸಾಲುಗಳನ್ನು ಗಟ್ಟಿಯಾಗಿ ಬಾಯಿಪಾಠ ಮಾಡಬೇಕು. ರಾತ್ರಿ ಬೀದಿ ದೀಪದ ಕೆಳಗೆ ಪುಸ್ತಕ ಹಿಡಿದು, ಅತ್ತಿಂದಿತ್ತ ನಡೆಯುತ್ತ, ಫ್ರೆಂಚ್ ವಾಕ್ಯಗಳನ್ನು ಉರು ಹೊಡೆಯುವ ಮಕ್ಕಳು ರಾಜಧಾನಿ ಪೋರ್ಟ್-ಓ-ಪ್ರಿನ್ಸ್‌ನಲ್ಲಿ ಮಾಮೂಲಿ ನೋಟ. ಒಂದು ಪದ ಮರೆತರೆ ಇಡೀ ಉತ್ತರ ನಿಂತುಹೋಗುತ್ತದೆ.

ಇಲ್ಲಿ ಮಿಷನರಿಗಳ ಒಂದು ಒಳ್ಳೆಯ ಕೆಲಸವನ್ನು ನೆನೆಯಬೇಕು. 1940ರ ಸುಮಾರಿಗೆ ಐರ್ಲೆಂಡ್‌ನ ಮೆಥಡಿಸ್ಟ್ ಪಾದ್ರಿ ಆರ್ಮಂಡ್ ಮೆಕಾನೆಲ್ ಕ್ರೆಯೋಲ್ ಬರೆಯಲು ಒಂದು ಸರಳ ಕ್ರಮ ಮಾಡಿದರು. ಅಕ್ಷರ ಪ್ರಚಾರಕ ಫ್ರಾಂಕ್ ಲೌಬಾಕ್ ಅವರಿಗೆ ಜೊತೆಯಾದರು. ಆಡಿದ ಹಾಗೆ ಬರೆಯಬಹುದು, ಬರೆದ ಹಾಗೆ ಓದಬಹುದು. ಓದಿದ ಜನ ಆಗ ಮೂಗು ಮುರಿದರು. ಸರ್ಕಾರ ಆ ದಾರಿಗೆ ಬಂದದ್ದು 1979ರ ನಂತರ, ಶಿಕ್ಷಣ ಮಂತ್ರಿ ಜೋಸೆಫ್ ಬರ್ನಾರ್ ಅವರ ಸುಧಾರಣೆಯಲ್ಲಿ. ಮೊದಲ ತರಗತಿಗಳು ಕ್ರೆಯೋಲ್‌ನಲ್ಲಿ ಇರಲಿ ಎಂದು ಅದು ಹೇಳಿತು. 1985ರಲ್ಲಿ ಇಡೀ ಬೈಬಲ್ ಕ್ರೆಯೋಲ್‌ನಲ್ಲಿ ಬಂತು. 1987ರ ಸಂವಿಧಾನ ಫ್ರೆಂಚ್ ಜೊತೆ ಕ್ರೆಯೋಲನ್ನೂ ಅಧಿಕೃತ ಭಾಷೆ ಮಾಡಿತು.

ಆದರೂ ಅಪ್ಪ ಅಮ್ಮಂದಿರೇ ಫ್ರೆಂಚ್ ಬೇಕು ಅಂತಾರೆ. ಕೆಲಸ ಸಿಗುವುದು ಫ್ರೆಂಚ್ ಬಂದವರಿಗೆ. ಕನ್ನಡ ಶಾಲೆ, ಇಂಗ್ಲಿಷ್ ಮೀಡಿಯಂ ಜಗಳ ನೋಡಿದವರಿಗೆ ಅವರ ಸಂಕಟ ಅರ್ಥ ಆಗುತ್ತದೆ. ಅವರನ್ನು ತಪ್ಪು ಅನ್ನಲಾರೆ. ಆದರೆ ಮಗುವಿಗೆ ಮೊದಲು ಅಕ್ಷರ ಕಲಿಸುವುದು ಮನೆಮಾತಿನಲ್ಲೇ ಆಗಬೇಕು. ಕ್ರೆಯೋಲ್‌ನಲ್ಲಿ ಓದು ಕಲಿತ ಮಗು ಬೈಬಲನ್ನೂ ತಾನೇ ಓದುತ್ತದೆ, ಅಜ್ಜಿಗೂ ಓದಿ ಹೇಳುತ್ತದೆ. ಯಾವುದಾದರೂ ಸಂಸ್ಥೆ "ನಾವು ಮಕ್ಕಳಿಗೆ ಇಂಗ್ಲಿಷ್ ಹಾಡು ಕಲಿಸಿದೆವು" ಅಂತ ವೀಡಿಯೊ ಕಳಿಸಿದರೆ, ಕ್ರೆಯೋಲ್‌ನಲ್ಲಿ ಏನು ಕಲಿಸಿದಿರಿ ಅಂತ ಕೇಳಿ.

ಶಿಷ್ಯರನ್ನಾಗಿ ಬೆಳೆಸೋದು ಅಂದರೆ ಸಂಡೇ ಸ್ಕೂಲ್ ಅಷ್ಟೇನಾ?

ಅಲ್ಲ. ವಚನ ಬಾಯಿಪಾಠ, ವಿಬಿಎಸ್ (ರಜೆಯ ಬೈಬಲ್ ಶಾಲೆ), ಕ್ರಿಸ್ಮಸ್ ನಾಟಕ ಎಲ್ಲ ಇರಲಿ, ಚೆನ್ನಾಗಿಯೇ ಇರುತ್ತವೆ. ಆದರೆ ಮಗು ನಂಬಿಕೆ ಕಲಿಯುವುದು ಹೆಚ್ಚಾಗಿ ಒಬ್ಬ ದೊಡ್ಡವರನ್ನು ನೋಡಿ. ಸಂಬಳ ತಡವಾದರೂ ಶಾಲೆಗೆ ಬರುವ ಮೇಷ್ಟ್ರು, ಮಗು ಮೂರು ದಿನ ಕಾಣದಿದ್ದರೆ ಮನೆ ಹುಡುಕಿಕೊಂಡು ಹೋಗುವ ಸಂಡೇ ಸ್ಕೂಲ್ ಅಕ್ಕ, ಬೆತ್ತ ಎತ್ತದೆ ತಿದ್ದುವ ಪಾಸ್ಟರ್, ಇವರೇ ಪಾಠ. ಬೆತ್ತದ ಮಾತು ಸುಮ್ನೆ ಹೇಳಲಿಲ್ಲ. ಹೈಟಿಯ ಶಾಲೆಗಳಲ್ಲಿ ಹೊಡೆಯುವ ರೂಢಿ ಗಟ್ಟಿಯಾಗಿದೆ. 2001ರ ಕಾನೂನು ಅದನ್ನು ನಿಷೇಧಿಸಿದರೂ ಪೂರ್ತಿ ಹೋಗಿಲ್ಲ. ಯೇಸುವಿನ ಪ್ರೀತಿಯ ಬಗ್ಗೆ ಹಾಡಿಸಿ, ಅದೇ ಗಂಟೆಯಲ್ಲಿ ಚಾವಟಿ ಎತ್ತಿದರೆ ಮಗು ಯಾವುದನ್ನು ನಂಬಬೇಕು?

ಇನ್ನೊಂದು ಮಾತು. ಎಷ್ಟು ಮಕ್ಕಳು ಕೈ ಎತ್ತಿದರು, ಎಷ್ಟು ಜನ ದೀಕ್ಷಾಸ್ನಾನ ಪಡೆದರು ಅನ್ನುವ ವರದಿಗಳಿಗೆ ನಾನು ಅಷ್ಟು ಬೆಲೆ ಕೊಡುವುದಿಲ್ಲ. ಹೊರಗಿನಿಂದ ಬಂದ ಅತಿಥಿ ಕೇಳಿದರೆ ಎಂಟು ವರ್ಷದ ಮಗು ಎಲ್ಲದಕ್ಕೂ ಕೈ ಎತ್ತುತ್ತದೆ. ಅದೇ ಮಗು ಹದಿನಾರಕ್ಕೆ ಬಂದಾಗ, ಬೀದಿಯಲ್ಲಿ ಬಂದೂಕು ಹಿಡಿದ ಹುಡುಗರು ಕರೆದಾಗ, ಯಾರ ಹತ್ತಿರ ಓಡುತ್ತದೆ? ನೋಡಬೇಕಾದ್ದು ಅದನ್ನು.

ಊಟ, ಪುಸ್ತಕ ಕೊಟ್ಟು ಮತ ಬದಲಿಸುವುದು ಸರಿನಾ?

ಸರಿಯಲ್ಲ. ಊಟಕ್ಕೆ ನಂಬಿಕೆಯನ್ನು ಬೆಲೆಯಾಗಿ ಕೇಳಬಾರದು. ಪ್ರಾರ್ಥನೆಗೆ ಬಂದ ಮಗುವಿಗೂ ಬಾರದ ಮಗುವಿಗೂ ಒಂದೇ ಸೌಟು ಬೀಳಬೇಕು.

ಹೈಟಿಯಲ್ಲಿ ಬಹುತೇಕ ಜನ ಆಗಲೇ ಕ್ರೈಸ್ತರು, ಕ್ಯಾಥೊಲಿಕರು ಇಲ್ಲವೇ ಪ್ರಾಟೆಸ್ಟೆಂಟರು. ಅದರ ಜೊತೆಗೆ ಆಫ್ರಿಕಾದ ಬೇರಿನ ವೋಡೂ ಧರ್ಮದ ಆಚರಣೆಯೂ ಬಹಳ ಮನೆಗಳಲ್ಲಿ ಇದೆ. 1941-42ರಲ್ಲಿ ಕ್ಯಾಥೊಲಿಕ್ ಚರ್ಚ್ ಸರ್ಕಾರದ ಬೆಂಬಲದಿಂದ ವೋಡೂ ಡೋಲುಗಳನ್ನು, ಪೂಜಾ ವಸ್ತುಗಳನ್ನು ಸುಡಿಸಿತು. ಜನ ಹೆದರಿದರು, ಆದರೆ ಮನಸ್ಸು ಬದಲಾಗಲಿಲ್ಲ. 2003ರಲ್ಲಿ ಸರ್ಕಾರ ವೋಡೂವನ್ನು ಅಧಿಕೃತ ಧರ್ಮವೆಂದು ಒಪ್ಪಿತು. ಮಗುವಿಗೆ ಸುವಾರ್ತೆ ಹೇಳುವವರು ಅದರ ಅಜ್ಜಿಯನ್ನು ಅವಮಾನಿಸಬೇಕಿಲ್ಲ.

ಭಾರತದವರಿಗೆ ಹತ್ತಿರದ ಉದಾಹರಣೆ ಬೇಕಾದರೆ ಟ್ರಿನಿಡಾಡ್ ನೋಡಿ. 1845ರ ಮೇ 30ರಂದು ಕರಾರಿನ ಕೂಲಿಗಳನ್ನು ಹೊತ್ತ ಮೊದಲ ಹಡಗು ಭಾರತದಿಂದ ಅಲ್ಲಿಗೆ ಮುಟ್ಟಿತು. ಕಬ್ಬಿನ ತೋಟದ ಈ ಕೂಲಿಗಳ ಮಕ್ಕಳಲ್ಲಿ ಹೆಚ್ಚಿನವರು ಶಾಲೆಯ ಮುಖ ನೋಡಿರಲಿಲ್ಲ. 1868ರಲ್ಲಿ ಕೆನಡಾದ ಪ್ರೆಸ್ಬಿಟೇರಿಯನ್ ಮಿಷನರಿ ಜಾನ್ ಮಾರ್ಟನ್ ಬಂದು ಆ ಮಕ್ಕಳಿಗಾಗಿಯೇ ಶಾಲೆ ತೆರೆದರು. ಹಿಂದಿ ಕಲಿತು ಹಿಂದಿಯಲ್ಲೇ ಬೋಧಿಸಿದರು. ಸ್ಯಾನ್ ಫರ್ನಾಂಡೊದ ಆ ಮಿಷನ್‌ನ ಚರ್ಚಿಗೆ ಇವತ್ತಿಗೂ ಸುಸಮಾಚಾರ್ ಅಂತಲೇ ಹೆಸರು. ಅಲ್ಲಿನ ಭಾರತೀಯ ಮೂಲದ ಎಷ್ಟೋ ಶಿಕ್ಷಕರು, ವೈದ್ಯರು, ವಕೀಲರು ಈ ಶಾಲೆಗಳಿಂದ ಬಂದರು. ಆದರೆ ಮಿಷನ್ ಶಾಲೆಯಲ್ಲಿ ಮೇಷ್ಟ್ರಾಗಬೇಕಾದರೆ ಕ್ರೈಸ್ತರಾಗಬೇಕು ಅನ್ನುವ ಒತ್ತಡ ಇತ್ತು. ಹಿಂದೂಗಳಿಗೆ ಅದು ನೋವು ಕೊಟ್ಟಿತು. 1950ರ ದಶಕದಲ್ಲಿ ಸನಾತನ ಧರ್ಮ ಮಹಾಸಭಾ ತನ್ನದೇ ಶಾಲೆಗಳನ್ನು ಕಟ್ಟಿತು. ನನಗೆ ಅದು ಸರಿಯಾದ ಉತ್ತರವಾಗಿಯೇ ಕಾಣುತ್ತದೆ. 1960ರಲ್ಲಿ ಸರ್ಕಾರ ಮತ್ತು ಧಾರ್ಮಿಕ ಶಾಲೆಗಳ ನಡುವೆ ಒಪ್ಪಂದ ಆಯಿತು. ಬೇರೆ ಮತದ ಮಗುವನ್ನು ಶಾಲೆಯ ಧರ್ಮಪಾಠಕ್ಕೆ, ಪ್ರಾರ್ಥನೆಗೆ ಬಲವಂತ ಮಾಡುವಂತಿಲ್ಲ ಎಂದು ಅದರಲ್ಲಿದೆ. ಎಲ್ಲ ಮಿಷನ್ ಶಾಲೆಗಳಿಗೂ ಇದೇ ನಿಯಮ ಇರಬೇಕು.

ಗುಲಾಮಗಿರಿಯ ಕಾಲದಲ್ಲಿ ಮಿಷನರಿಗಳು ಯಾರ ಪರ ಇದ್ದರು?

ಎರಡೂ ಕಡೆ ಇದ್ದರು. 1807ರಲ್ಲಿ ಲಂಡನ್‌ನಲ್ಲಿ ಬ್ರಿಟಿಷ್ ವೆಸ್ಟ್ ಇಂಡೀಸ್‌ನ ಗುಲಾಮರಿಗಾಗಿ ಒಂದು ಬೈಬಲ್ ಅಚ್ಚಾಯಿತು. ಹಳೆಯ ಒಡಂಬಡಿಕೆಯ ನೂರಕ್ಕೆ ಸುಮಾರು 90 ಭಾಗ ಅದರಲ್ಲಿ ಇರಲಿಲ್ಲ. ಇಸ್ರಾಯೇಲರು ಐಗುಪ್ತದಿಂದ ಬಿಡುಗಡೆಯಾಗಿ ಹೊರಟ ಕಥೆಯನ್ನು ತೆಗೆದುಹಾಕಿದ್ದರು. ದಾಸರು ಯಜಮಾನರಿಗೆ ವಿಧೇಯರಾಗಿರಬೇಕು ಅನ್ನುವ ಮಾತನ್ನು ಉಳಿಸಿಕೊಂಡಿದ್ದರು. ದೇವರ ವಾಕ್ಯಕ್ಕೆ ಕತ್ತರಿ ಹಾಕಿದ ಈ ಕೆಲಸವನ್ನು ಓದಿದಾಗ ನನಗೆ ಈಗಲೂ ಸಿಟ್ಟು ಬರುತ್ತದೆ. ಮೊರಾವಿಯನ್ ಎಂಬ ಪ್ರಾಟೆಸ್ಟೆಂಟ್ ಪಂಗಡದ ಮಿಷನ್ ಸೇಂಟ್ ಥಾಮಸ್ ದ್ವೀಪದಲ್ಲಿ ತಾನೇ ಗುಲಾಮರನ್ನು ಇಟ್ಟುಕೊಂಡಿತ್ತು.

ಇನ್ನೊಂದು ಕಡೆ, ಇವತ್ತಿನ ಗಯಾನಾದ ಡೆಮೆರಾರಾದಲ್ಲಿ ಗುಲಾಮರ ನಡುವೆ ಸೇವೆ ಮಾಡುತ್ತಿದ್ದ ಮಿಷನರಿ ಜಾನ್ ಸ್ಮಿತ್ ಅವರನ್ನು 1823ರ ದಂಗೆಯ ನಂತರ ಬಂಧಿಸಿ ಮರಣದಂಡನೆ ವಿಧಿಸಿದರು. 1824ರಲ್ಲಿ ಅವರು ಜೈಲಿನಲ್ಲೇ ತೀರಿಕೊಂಡರು. ಜಮೈಕಾದಲ್ಲಿ 1831ರ ಕ್ರಿಸ್ಮಸ್ ಹೊತ್ತಿಗೆ ಎದ್ದ ದೊಡ್ಡ ದಂಗೆಯ ನಾಯಕ ಸ್ಯಾಮ್ ಶಾರ್ಪ್ ಬ್ಯಾಪ್ಟಿಸ್ಟ್ ಸಭೆಯ ಡೀಕನ್, ತಾನೇ ಗುಲಾಮ, ಓದು ಬಲ್ಲವನು. 1832ರಲ್ಲಿ ಅವನನ್ನು ಗಲ್ಲಿಗೆ ಹಾಕಿದರು. ಒಡೆಯರು ಗುಲಾಮರ ಕೈಗೆ ಪುಸ್ತಕ ಕೊಡಲು ಯಾಕೆ ಹೆದರುತ್ತಿದ್ದರು ಅನ್ನುವುದು ಈಗ ತಿಳಿಯಿತಲ್ವಾ.

ಕರ್ನಾಟಕಕ್ಕೂ ಇಲ್ಲೊಂದು ಸಣ್ಣ ನಂಟಿದೆ. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ ಗೊತ್ತಲ್ಲ, ಅದೇ ಮಿಷನ್ 1843ರಲ್ಲಿ ಜಮೈಕಾ ಮತ್ತು ಆಂಟಿಗುವಾದ ಮೊರಾವಿಯನ್ ಕ್ರೈಸ್ತರನ್ನು, ಬಿಡುಗಡೆಯಾದ ಕರಿಯ ಕುಟುಂಬಗಳನ್ನು, ಪಶ್ಚಿಮ ಆಫ್ರಿಕಾದ ಇವತ್ತಿನ ಘಾನಾಕ್ಕೆ ಸೇವೆಗೆ ಕರೆದೊಯ್ಯಿತು. ಮಂಗಳೂರ ಸಮಾಚಾರ ಹೊರಬಂದದ್ದೂ ಅದೇ 1843ರಲ್ಲಿ. ಕೆರಿಬಿಯನ್ ಕ್ರೈಸ್ತರು ಸೇವೆ ಪಡೆದವರು ಮಾತ್ರ ಅಲ್ಲ, ಆಗಿನಿಂದಲೇ ಸೇವೆಗೆ ಹೊರಟವರು.

ನಮ್ಮ ಸಭೆ ಒಂದು ಅನಾಥಾಶ್ರಮಕ್ಕೆ ಸಹಾಯ ಮಾಡಬೇಕು ಅಂತಿದೆ. ಒಳ್ಳೆಯದಲ್ವಾ?

ಸ್ವಲ್ಪ ತಡೆಯಿರಿ. ಹೈಟಿಯ ಅನಾಥಾಶ್ರಮಗಳಲ್ಲಿ ಸುಮಾರು 30,000 ಮಕ್ಕಳಿದ್ದಾರೆ ಎಂಬ ಲೆಕ್ಕ ಇದೆ. ಅವರಲ್ಲಿ ಹತ್ತಕ್ಕೆ ಎಂಟು ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿದ್ದಾರೆ. ಮತ್ತೆ ಯಾಕೆ ಅಲ್ಲಿದ್ದಾರೆ? ಶಾಲೆಯ ಫೀಸು ಕಟ್ಟಲಾಗದೆ. ಆಶ್ರಮದಲ್ಲಿ ಊಟ, ಓದು ಸಿಗುತ್ತದೆ ಎಂದು ತಾಯಿಯೇ ಬಿಟ್ಟು ಬಂದಿರುತ್ತಾಳೆ. ದಾನಿಗಳು ಆಶ್ರಮಕ್ಕೆ ಕೊಡುತ್ತಾರೆ, ಅಮ್ಮನಿಗೆ ಕೊಡುವುದಿಲ್ಲ. ಹಾಗಾಗಿ ಆಶ್ರಮಗಳು ಹೆಚ್ಚುತ್ತವೆ, ಮನೆಗಳು ಖಾಲಿಯಾಗುತ್ತವೆ. ಇವುಗಳಲ್ಲಿ ಸರ್ಕಾರದ ಪರವಾನಗಿ ಇರುವುದು ಕೆಲವಕ್ಕೆ ಮಾತ್ರ.

2010ರ ಭೂಕಂಪ ಆಗಿ ಎರಡೂವರೆ ವಾರದಲ್ಲಿ ಅಮೆರಿಕದ ಹತ್ತು ಜನ ಚರ್ಚ್ ಸದಸ್ಯರು 33 ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿ, ಕಾಗದಪತ್ರ ಇಲ್ಲದೆ, ಡೊಮಿನಿಕನ್ ರಿಪಬ್ಲಿಕ್ ಗಡಿ ದಾಟಲು ಹೊರಟು ಬಂಧನಕ್ಕೆ ಒಳಗಾದರು. ಅನಾಥರನ್ನು ಕಾಪಾಡುತ್ತಿದ್ದೇವೆ ಎಂದು ಅವರು ಹೇಳಿದರು. ವಿಚಾರಿಸಿದರೆ ಆ ಮಕ್ಕಳಿಗೆ ತಂದೆತಾಯಿ ಇದ್ದರು. ಒಳ್ಳೆಯ ಮನಸ್ಸು ಇದ್ದರೆ ಸಾಲದು ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅದೇ ದುಡ್ಡನ್ನು ಮಗುವಿನ ಶಾಲೆಯ ಫೀಸಿಗೆ, ತಾಯಿಯ ವ್ಯಾಪಾರದ ಬಂಡವಾಳಕ್ಕೆ ಕೊಟ್ಟರೆ ಮಗು ರಾತ್ರಿ ತನ್ನ ಮನೆಯಲ್ಲೇ ಮಲಗುತ್ತದೆ. ಆಶ್ರಮದಲ್ಲಿ ಒಂದು ಮಗುವಿಗೆ ಆಗುವ ಖರ್ಚಿನಲ್ಲಿ ಎಷ್ಟೋ ಮಕ್ಕಳನ್ನು ಹೀಗೆ ಓದಿಸಬಹುದು. ನಿಜವಾಗಿ ಯಾರೂ ಇಲ್ಲದ ಮಕ್ಕಳು, ತೀವ್ರ ಅಂಗವೈಕಲ್ಯ ಇರುವ ಮಕ್ಕಳು ಇದ್ದಾರೆ. ಅವರನ್ನು ಸಾಕುವ ಮನೆಗಳಿಗೆ ಖಂಡಿತ ಕೊಡಿ. ಉಳಿದ ಕಡೆ, "ಈ ಮಕ್ಕಳ ಅಪ್ಪ ಅಮ್ಮ ಎಲ್ಲಿ? ಅವರ ಹತ್ತಿರ ವಾಪಸ್ ಕಳಿಸಲು ಏನು ಮಾಡುತ್ತಿದ್ದೀರಿ?" ಅಂತ ಕೇಳದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ರೆಸ್ತಾವೆಕ್ ಮಕ್ಕಳು ಅಂದರೆ ಯಾರು?

ಹಳ್ಳಿಯ ಬಡ ಮನೆಯವರು ಮಗುವನ್ನು ಪಟ್ಟಣದ ನೆಂಟರ, ಪರಿಚಯದವರ ಮನೆಗೆ ಕಳಿಸುತ್ತಾರೆ. ಅವರು ಓದಿಸುತ್ತಾರೆ ಅನ್ನುವ ಆಸೆ. ಅಲ್ಲಿ ಮಗು ಮನೆಕೆಲಸದ ಆಳಾಗುತ್ತದೆ. ನೀರು ಹೊರುವುದು, ಪಾತ್ರೆ ಬೆಳಗುವುದು, ಆ ಮನೆಯ ಮಕ್ಕಳನ್ನು ಶಾಲೆಗೆ ಬಿಟ್ಟು ಬರುವುದು. ತಾನು ಮಾತ್ರ ಶಾಲೆಯ ಗೇಟಿನಿಂದ ವಾಪಸ್. ಇಂಥ ಮಕ್ಕಳು ಒಂದೂವರೆ ಲಕ್ಷದಿಂದ ಮೂರು ಲಕ್ಷ ಇರಬಹುದು ಎಂಬ ಅಂದಾಜುಗಳಿವೆ. ಹೆಚ್ಚಿನವರು ಹುಡುಗಿಯರು.

ಕೆಲವು ಸಭೆಗಳು, ಕ್ಯಾಥೊಲಿಕ್ ಗುರುಗಳು ಇವರಿಗಾಗಿಯೇ ಮಧ್ಯಾಹ್ನದ ಶಾಲೆ ನಡೆಸುತ್ತಾರೆ. ಬೆಳಗಿನ ಮನೆಗೆಲಸ ಮುಗಿದ ಮೇಲೆ ಬರಲಿ ಎಂದು. ರಾಜಧಾನಿಯ ಪಕ್ಕದ ಕಾರ್‌ಫೂರ್‌ನಲ್ಲಿರುವ ಫ್ವಾಯೆ ಮೊರಿಸ್ ಸಿಕ್ಸ್ತೊ ಇಂಥದ್ದೊಂದು ಕೇಂದ್ರ. ಮಗುವನ್ನು ಇಟ್ಟುಕೊಂಡ ಮನೆಯೊಡತಿಯನ್ನು ಒಪ್ಪಿಸಿ ಎರಡು ಗಂಟೆ ಬಿಡಿಸಿಕೊಳ್ಳುವುದೇ ಅಲ್ಲಿ ದೊಡ್ಡ ಕೆಲಸ. ಆಮೇಲೆ ಹಳ್ಳಿಯ ತಾಯಿಯನ್ನು ಹುಡುಕುವುದು. ಫೋಟೊಗೆ ಚೆಂದ ಕಾಣುವ ಕೆಲಸ ಇದಲ್ಲ. ಆದರೆ ಇಡೀ ದ್ವೀಪದಲ್ಲಿ ಇದಕ್ಕಿಂತ ಸುವಾರ್ತೆಗೆ ಹತ್ತಿರದ ಕೆಲಸ ನನಗೆ ಕಾಣುವುದಿಲ್ಲ.

ತಿಂಗಳಿಗೆ ಇಷ್ಟು ಕೊಟ್ಟು ಒಂದು ಮಗುವನ್ನು ಪ್ರಾಯೋಜಿಸುವ ಪದ್ಧತಿ ಕೆಲಸ ಮಾಡುತ್ತದಾ?

ಚೆನ್ನಾಗಿ ನಡೆಸಿದರೆ ಮಾಡುತ್ತದೆ. ಕಂಪ್ಯಾಷನ್ ಎಂಬ ಕ್ರೈಸ್ತ ಸಂಸ್ಥೆಯ ಪ್ರಾಯೋಜನೆಯಲ್ಲಿ ಬೆಳೆದವರ ಬಗ್ಗೆ ಆರು ದೇಶಗಳಲ್ಲಿ ನಡೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅಂಥ ಮಕ್ಕಳು ಸರಾಸರಿ ಒಂದರಿಂದ ಒಂದೂವರೆ ವರ್ಷ ಹೆಚ್ಚು ಓದಿದ್ದರು, ದೊಡ್ಡವರಾದ ಮೇಲೆ ಸಂಬಳದ ಕೆಲಸ ಸಿಕ್ಕವರೂ ಹೆಚ್ಚು. ಆ ಆರರಲ್ಲಿ ಭಾರತ ಇತ್ತು, ಕೆರಿಬಿಯನ್ ದೇಶ ಇರಲಿಲ್ಲ. ವಿದೇಶಿ ದೇಣಿಗೆಯ ನಿರ್ಬಂಧದಿಂದಾಗಿ ಆ ಸಂಸ್ಥೆ 2017ರಲ್ಲಿ ಭಾರತದಲ್ಲಿ ಕೆಲಸ ನಿಲ್ಲಿಸಿತು. ಹೈಟಿಯಲ್ಲಿ 1968ರಿಂದ ಇದೆ. ಸ್ಥಳೀಯ ಸಭೆಗಳ ಮೂಲಕವೇ ಮಕ್ಕಳನ್ನು ತಲುಪುತ್ತದೆ.

ನನಗೆ ಹಿಡಿಸದ ಭಾಗವೂ ಇದೆ. ಒಂದೇ ಬೆಂಚಿನ ಒಂದು ಮಗುವಿಗೆ ವಿದೇಶದಿಂದ ಪತ್ರ, ಉಡುಗೊರೆ, ಪಕ್ಕದ ಮಗುವಿಗೆ ಏನೂ ಇಲ್ಲ. ಒಬ್ಬ ಮೇಷ್ಟ್ರ ಸಂಬಳ ಕೊಟ್ಟರೆ ಇಡೀ ತರಗತಿಗೆ ಸಿಗುತ್ತದೆ. ಆದರೆ ಮೇಷ್ಟ್ರ ಫೋಟೊ ಫ್ರಿಜ್ ಮೇಲೆ ಅಂಟಿಸಿಕೊಳ್ಳಲು ಯಾರಿಗೂ ಮನಸ್ಸಾಗುವುದಿಲ್ಲ, ಏನು ಮಾಡೋದು.

ನಾವೇ ಎರಡು ವಾರ ಹೋಗಿ ಸೇವೆ ಮಾಡಿ ಬರಬಹುದಾ?

ಹೈಟಿಗೆ ಈಗ ಬೇಡ. 2021ರ ಜುಲೈ 7ರಂದು ಅಧ್ಯಕ್ಷ ಜೊವೆನೆಲ್ ಮೊಯಿಸ್ ಅವರ ಕೊಲೆ ಆಯಿತು. ಆಮೇಲೆ ರಾಜಧಾನಿಯ ಬಹುಭಾಗ ಸಶಸ್ತ್ರ ಗುಂಪುಗಳ ಕೈಗೆ ಹೋಯಿತು. ಅದೇ ಅಕ್ಟೋಬರ್‌ನಲ್ಲಿ ಅನಾಥಾಶ್ರಮಕ್ಕೆ ಹೋಗಿ ಬರುತ್ತಿದ್ದ 17 ಜನ ಮಿಷನರಿ ತಂಡದವರನ್ನು, ಮಕ್ಕಳೂ ಸೇರಿ, ಅಪಹರಿಸಿದರು. 2024ರ ಮೇ ತಿಂಗಳಲ್ಲಿ ಅಮೆರಿಕದ ಯುವ ಮಿಷನರಿ ದಂಪತಿಯನ್ನೂ ಅವರ ಜೊತೆಗಿದ್ದ ಹೈಟಿಯ ನಿರ್ದೇಶಕರನ್ನೂ ಕೊಂದರು. 2025ರ ಆಗಸ್ಟ್‌ನಲ್ಲಿ ರಾಜಧಾನಿಯ ಹತ್ತಿರದ ಕೆನ್ಸ್‌ಕಾಫ್‌ನ ಆಶ್ರಮದಿಂದ ಮೂರು ವರ್ಷದ ಮಗು ಸೇರಿ ಹಲವರನ್ನು ಹೊತ್ತೊಯ್ದು, ತಿಂಗಳ ಕೊನೆಗೆ ಬಿಟ್ಟರು. ಭಾರತ ಸರ್ಕಾರವೇ 2024ರ ಮಾರ್ಚ್‌ನಲ್ಲಿ ಆಪರೇಷನ್ ಇಂದ್ರಾವತಿ ಹೆಸರಿನಲ್ಲಿ 12 ಭಾರತೀಯರನ್ನು ಅಲ್ಲಿಂದ ಡೊಮಿನಿಕನ್ ರಿಪಬ್ಲಿಕ್‌ಗೆ ಸಾಗಿಸಿತು.

ಶಾಂತಿ ಇರುವ ದ್ವೀಪಕ್ಕೆ ಹೋಗುವುದಾದರೂ, ಗೋಡೆಗೆ ಬಣ್ಣ ಬಳಿಯಲು ಹೋಗಬೇಡಿ. ಬಣ್ಣ ಬಳಿಯುವವರು ಅಲ್ಲೇ ಇದ್ದಾರೆ, ಅವರಿಗೆ ಕೂಲಿ ಬೇಕು. ಶಿಕ್ಷಕರಿಗೆ ತರಬೇತಿ ಕೊಡಬಲ್ಲವರು, ಮಕ್ಕಳ ವೈದ್ಯರು, ಲೆಕ್ಕಪತ್ರ ಬಲ್ಲವರು ಹೋದರೆ ಉಪಯೋಗ.

ಹಾಗಾದರೆ ಈಗ ಅಲ್ಲಿ ಕೆಲಸ ನಡೆಸುತ್ತಿರುವವರು ಯಾರು?

ಹೈಟಿಯವರೇ. 2025ರ ಮಧ್ಯದ ಹೊತ್ತಿಗೆ ಸುಮಾರು 13 ಲಕ್ಷ ಜನ ಮನೆ ಬಿಟ್ಟು ಓಡಿದ್ದರು, ಅವರಲ್ಲಿ ಅರ್ಧದಷ್ಟು ಮಕ್ಕಳು. ಎಷ್ಟೋ ಶಾಲೆಗಳು ನಿರಾಶ್ರಿತರ ತಂಗುದಾಣಗಳಾದವು. ವಿದೇಶಿ ಮಿಷನರಿಗಳು ಹೆಚ್ಚಿನವರು ಹೊರಟುಹೋದರು. ಪಾಠ ಮಾತ್ರ ಪೂರ್ತಿ ನಿಲ್ಲಲಿಲ್ಲ, ಯಾಕೆಂದರೆ ಪಾಠ ಹೇಳುತ್ತಿದ್ದವರು ಮೊದಲಿನಿಂದಲೂ ಅಲ್ಲಿಯ ಮೇಷ್ಟ್ರು, ಟೀಚರಮ್ಮಂದಿರೇ. ನಮ್ಮಲ್ಲಿ ಡಾನ್ ಬಾಸ್ಕೊ ಎಂದು ಗೊತ್ತಿರುವ ಸಲೇಶಿಯನ್ನರು 1950ರ ದಶಕದಲ್ಲಿ ಲಾ ಸಲೀನ್ ಕೊಳೆಗೇರಿಯಲ್ಲಿ ಶುರು ಮಾಡಿದ ಸಣ್ಣ ಶಾಲೆಗಳ ಕಟ್ಟಡಗಳು 2010ರಲ್ಲಿ ಕುಸಿದು ಅನೇಕ ಮಕ್ಕಳು ಸತ್ತರು. ಬದುಕುಳಿದ ಶಿಕ್ಷಕರು ಟೆಂಟಿನ ಕೆಳಗೆ ಮತ್ತೆ ತರಗತಿ ನಡೆಸಿದರು.

ಜಮೈಕಾದಲ್ಲಿ ಹೇಗಿದೆ?

ಸರ್ಕಾರಿ ವ್ಯವಸ್ಥೆ ಅಲ್ಲಿ ಎಷ್ಟೋ ಮೇಲು. ಬಡತನ ಕಿಂಗ್‌ಸ್ಟನ್‌ನ ಕೇರಿಗಳಲ್ಲಿದೆ. 1880ರಲ್ಲಿ ಜೆಸ್ಸಿ ರಿಪೋಲ್ ಎಂಬ ಮಹಿಳೆ ಅಲ್ಲಿ ಒಂದು ಅನಾಥ ಹುಡುಗಿಯನ್ನು ಕರೆತಂದು ಆಲ್ಫಾ ಎಂಬ ಆಶ್ರಮ ಶುರು ಮಾಡಿದರು. ಮುಂದೆ ಸಿಸ್ಟರ್ಸ್ ಆಫ್ ಮರ್ಸಿ ಅದನ್ನು ವಹಿಸಿಕೊಂಡರು. ಆಲ್ಫಾ ಬಾಯ್ಸ್ ಸ್ಕೂಲಿನಲ್ಲಿ ಹುಡುಗರಿಗೆ ಬಡಗಿ ಕೆಲಸ, ಅಚ್ಚು ಕೆಲಸದ ಜೊತೆ ಬ್ಯಾಂಡ್ ಕಲಿಸುತ್ತಿದ್ದರು. ಸಿಸ್ಟರ್ ಮೇರಿ ಇಗ್ನೇಷಿಯಸ್ ಡೇವಿಸ್ ಹುಡುಗರಿಗೆ ರೆಕಾರ್ಡ್ ಹಾಕಿ ಕೇಳಿಸುತ್ತಿದ್ದರು. ಹೆಸರಾಂತ ಸಂಗೀತಗಾರರಾದ ಡಾನ್ ಡ್ರಮಂಡ್, ಟಾಮಿ ಮೆಕುಕ್ ಅಲ್ಲಿಂದಲೇ ಬಂದವರು. 1964ರಲ್ಲಿ ಸ್ಕಾಟಲೈಟ್ಸ್ ತಂಡ ಕಟ್ಟಿದಾಗ ಅದರಲ್ಲಿ ನಾಲ್ವರು ಆಲ್ಫಾ ಹುಡುಗರು. ರೆಗ್ಗೆ ಹುಟ್ಟುವ ಮೊದಲಿನ ಸ್ಕಾ ಸಂಗೀತ ಅದು. ಸೇವೆ ಅಂದರೆ ಬೈಬಲ್ ಮತ್ತು ಗಂಜಿ ಮಾತ್ರ ಅಂದುಕೊಂಡವರಿಗೆ ಇದನ್ನು ಹೇಳಬೇಕು. ಒಂದು ಟ್ರೊಂಬೋನ್ ಕೂಡ ಒಂದು ಮಗುವನ್ನು ಎತ್ತಿ ನಿಲ್ಲಿಸುತ್ತದೆ. 2014ರಲ್ಲಿ ಹಾಸ್ಟೆಲ್ ಮುಚ್ಚಿತು, ಸಂಗೀತ ಮತ್ತು ಕಸುಬಿನ ತರಬೇತಿ ಮುಂದುವರಿದಿದೆ.

1981ರಲ್ಲಿ ಕಿಂಗ್‌ಸ್ಟನ್‌ನಲ್ಲೇ ಫಾದರ್ ರಿಚರ್ಡ್ ಹೊ ಲಂಗ್ ಬಡವರ ಮಿಷನರಿಗಳು ಎಂಬ ಸಂಘ ಕಟ್ಟಿದರು. ಅದರಲ್ಲಿ ಭಾರತದ ಬ್ರದರ್‌ಗಳೂ ಇದ್ದಾರೆ. 2005ರ ಅಕ್ಟೋಬರ್‌ನಲ್ಲಿ ಅವರ ಮನೆಗೆ ಗುಂಡು ಹಾರಿ ಇಬ್ಬರು ಬ್ರದರ್‌ಗಳು ಸತ್ತರು. ಒಬ್ಬರು ಫಿಲಿಪೀನ್ಸ್‌ನವರು, ಇನ್ನೊಬ್ಬರು ನಮ್ಮ ದೇಶದವರು.

ಹಳೆ ಬಟ್ಟೆ, ಬೂಟು, ಅಕ್ಕಿ ಕಳಿಸಬಹುದಾ?

ಬೇಡ. ಹೊರಗಿನಿಂದ ರಾಶಿ ರಾಶಿ ಬರುವ ಹಳೆ ಬಟ್ಟೆಯಿಂದ ಹೈಟಿಯ ದರ್ಜಿಗಳ ಕೆಲಸ ಹೋಗಿದೆ. ಅಕ್ಕಿಯ ಕಥೆ ಇನ್ನೂ ಕೆಟ್ಟದು. 1990ರ ದಶಕದಲ್ಲಿ ಆಮದು ಸುಂಕವನ್ನು ಶೇ. 3ಕ್ಕೆ ಇಳಿಸಿದ ಮೇಲೆ ಅಮೆರಿಕದ ಅಗ್ಗದ ಅಕ್ಕಿ ತುಂಬಿ, ಆರ್ತಿಬೊನೀತ್ ಕಣಿವೆಯ ಭತ್ತದ ರೈತರು ಸೋತರು. ಅದು ತಪ್ಪಾಯಿತು ಎಂದು ಆಗ ಅಮೆರಿಕದ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ 2010ರಲ್ಲಿ ಒಪ್ಪಿಕೊಂಡರು. ಶಾಲೆಯ ಊಟಕ್ಕೆ ಅಲ್ಲಿಯ ರೈತರಿಂದ ಕೊಳ್ಳುವ, ಯೂನಿಫಾರ್ಮನ್ನು ಅಲ್ಲಿಯ ದರ್ಜಿಗಳಿಂದ ಹೊಲಿಸುವ ಸಂಸ್ಥೆ ಇದ್ದರೆ ಅವರಿಗೆ ದುಡ್ಡು ಕಳಿಸಿ.

ಭಾರತದಿಂದ ದುಡ್ಡು ಕಳಿಸಲು ಆಗುತ್ತದಾ?

ಒಬ್ಬ ವ್ಯಕ್ತಿ ವಿದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಮಾಡಿರುವ ಎಲ್‌ಆರ್‌ಎಸ್ ನಿಯಮದಡಿ ಬ್ಯಾಂಕಿನ ಮೂಲಕ ವಿದೇಶಿ ಸಂಸ್ಥೆಗೆ ದೇಣಿಗೆ ಕಳಿಸಬಹುದು. ಅದಕ್ಕೆ ಇಲ್ಲಿ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಸಭೆ ಅಥವಾ ಟ್ರಸ್ಟ್ ಹೆಸರಿನಲ್ಲಿ ಕಳಿಸುವುದು ಬೇರೆ ಲೆಕ್ಕ, ಮೊದಲು ನಿಮ್ಮ ಆಡಿಟರ್ ಹತ್ತಿರ ಕೇಳಿ. ಅಮೆರಿಕ, ಗಲ್ಫ್, ಇಂಗ್ಲೆಂಡಿನಲ್ಲಿರುವ ಕನ್ನಡ ಸಭೆಗಳು ಆಯಾ ದೇಶದ ನಿಯಮ ನೋಡಿಕೊಳ್ಳಬೇಕು.

ಮಕ್ಕಳ ಫೋಟೊ ಹಂಚಿಕೊಳ್ಳಬಹುದಾ?

ಹೆಸರು, ಊರು, ಮುಖ ಮೂರೂ ಒಟ್ಟಿಗೆ ಬೇಡ. ಅಪಹರಣ ನಡೆಯುವ ದೇಶ ಅದು. ಮೂಗಿಗೆ ನೊಣ ಕೂತ, ಬರಿ ಮೈಯ ಮಗುವಿನ ಚಿತ್ರವಂತೂ ಬೇಡವೇ ಬೇಡ. ನಿಮ್ಮ ಮಗುವಿನ ಅಂಥ ಚಿತ್ರವನ್ನು ನೀವು ಹಾಕುವುದಿಲ್ಲ ಅಲ್ವಾ?

ಕೊಡುವ ಮೊದಲು ಸಂಸ್ಥೆಯ ಹತ್ತಿರ ಏನು ಕೇಳಬೇಕು?

ಮುಖ್ಯೋಪಾಧ್ಯಾಯರು ಆ ಊರಿನವರಾ? ಶಿಕ್ಷಕರಿಗೆ ಕಳೆದ ಮೂರು ತಿಂಗಳ ಸಂಬಳ ಆಗಿದೆಯಾ? ಮೊದಲ ತರಗತಿಯಲ್ಲಿ ಯಾವ ಭಾಷೆಯಲ್ಲಿ ಓದು ಕಲಿಸುತ್ತೀರಿ? ಹೋದ ವರ್ಷ ಆರನೇ ತರಗತಿ ಮುಗಿಸಿದವರು ಎಷ್ಟು, ಅದರಲ್ಲಿ ಹುಡುಗಿಯರು ಎಷ್ಟು? ಮಕ್ಕಳ ರಕ್ಷಣೆಯ ನಿಯಮ ಬರೆದಿಟ್ಟಿದ್ದೀರಾ, ದೂರು ಬಂದರೆ ಯಾರಿಗೆ ಹೇಳಬೇಕು? ಹೊರಗಿನವರು ಒಬ್ಬೊಬ್ಬರೇ ಮಕ್ಕಳ ಜೊತೆ ಇರಲು ಬಿಡುತ್ತೀರಾ? ಈ ಕೊನೆಯದನ್ನು ಮುಜುಗರ ಪಡದೆ ಕೇಳಿ. ಹೈಟಿಯ ಆಶ್ರಮಗಳಲ್ಲಿ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ ವಿದೇಶಿಯರಿಗೆ ನ್ಯಾಯಾಲಯಗಳಲ್ಲಿ ಶಿಕ್ಷೆ ಆಗಿದೆ. ಒಳ್ಳೆಯ ಸಂಸ್ಥೆ ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ, ಉತ್ತರ ರೆಡಿ ಇಟ್ಟುಕೊಂಡಿರುತ್ತದೆ.

ಕೊಡುವುದಾದರೆ ಯಾವಾಗ ಕೊಡಬೇಕು?

ನಮ್ಮ ಕಾಣಿಕೆ ಹೆಚ್ಚು ಸೇರುವುದು ಕ್ರಿಸ್ಮಸ್‌ಗೆ. ಹೈಟಿಯ ತಾಯಂದಿರಿಗೆ ದುಡ್ಡು ಬೇಕಾಗುವುದು ಆಗಸ್ಟ್‌ನಲ್ಲಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೆಸರು ನೋಂದಾಯಿಸದ ಮಗುವಿಗೆ ಡಿಸೆಂಬರ್‌ನಲ್ಲಿ ಸೀಟು ಇರುವುದಿಲ್ಲ. ಹಾಗಾಗಿ ಕ್ರಿಸ್ಮಸ್ ಕಾಣಿಕೆಯನ್ನು ಎತ್ತಿಟ್ಟು ಜುಲೈ ಕೊನೆಗೆ ಕಳಿಸಿ. ಶಿಕ್ಷಕರ ಸಂಬಳಕ್ಕಾದರೆ ಪ್ರತಿ ತಿಂಗಳು, ಸ್ವಲ್ಪವೇ ಆದರೂ ತಪ್ಪದೆ. ಮತ್ತೆ ಒಂದು ವರ್ಷ ಕೊಟ್ಟು ಬಿಡುವ ಹಾಗಿದ್ದರೆ ಮೊದಲೇ ಹೇಳಿಬಿಡಿ. ಒಂದನೇ ತರಗತಿಗೆ ಸೇರಿದ ಮಗುವಿಗೆ ಆರನೆಯದು ಮುಗಿಯಲು ಆರು ವರ್ಷ ಬೇಕು.